ಕೂಗಳತೆಯ ಆಚೆ

ಆ ದೀಪ ಒಂದಿಷ್ಟು ಸಣ್ಣದು ಮಾಡಿ ಹತ್ತಿರ ಬನ್ನಿ… ಗಟ್ಟಿಯಾಗಿ ಹೇಳುವ ಮಾತಲ್ಲ ಇದು.

ನಮ್ಮ ಪಕ್ಕದ ತೋಟದ ಬೆಟ್ಟಸ್ವಾಮಿಗೆ ಆದದ್ದು. ಯಾರೋ ಎಲ್ಲೋ ಹೇಳಿದ್ದಲ್ಲ. ಅವರ ತೋಟಕ್ಕೂ ನಮ್ಮದಕ್ಕೂ ನಡುವೆ ಒಂದು ಕತ್ತಾಳೆ ಬೇಲಿ, ಅಷ್ಟೇ. ಕೆಂಕೆರೆ ದಾಟಿ ಹುಳಿಯಾರಿನ ಕಡೆ ಬರುವಾಗ ಎಡಕ್ಕೊಂದು ಮಣ್ಣುದಾರಿ ಸಿಗುತ್ತದಲ್ಲ… ಅಲ್ಲಿ.

ಆ ರಾತ್ರಿ ಬೆಟ್ಟಸ್ವಾಮಿ ಒಬ್ಬನೇ ಹಳ್ಳದ ತೋಟಕ್ಕೆ ಇಳಿಯುತ್ತಿದ್ದ. ಪುಷ್ಯದ ಚಳಿ. ಕಿವಿ ಮುಚ್ಚುವಂತೆ ತಲೆಗೆ ಟವಲು ಸುತ್ತಿದ್ದ. ಎಡಗೈಯಲ್ಲಿ ಟಾರ್ಚು. ಬಲಗೈಯಲ್ಲಿ ವಾಕಿಟಾಕಿ.

ದಾರಿಯಲ್ಲಿ ಆಲದ ಮರ. ಅದರ ಬುಡದಲ್ಲಿ ಕಲ್ಲು ಕಟ್ಟಿದ ಹಳೆಯ ಬಾವಿ. ನೀರು ಬತ್ತಿ ಯಾವ ಕಾಲವಾಯಿತೋ. ಆದರೂ ಅಲ್ಲಿಗೆ ಬಂದಾಗ ಒಳಗಿನಿಂದ ತೊಟ್… ತೊಟ್… ಅಂತ ಕೇಳಿಸಿತು. ಟಾರ್ಚು ಹಾಕಿ ಬಗ್ಗಿ ನೋಡಿದ. ಬಾವಿಯ ತಳದ ಒಣ ಎಲೆಯ ಮೇಲೆ ಆಲದ ಹಣ್ಣು ಉದುರುತ್ತಿತ್ತು.

ಹೆದರಿಕೆ ಆಯಿತೇ ಅಂತ ಕೇಳಬಹುದು. ಆಯಿತು. ಆದರೆ ಅದಕ್ಕಿಂತ ನಾಚಿಕೆ ಹೆಚ್ಚಾಗಿತ್ತು. ಹಳ್ಳದ ತೋಟದ ಒಂದು ಜಾಗದಲ್ಲಿ ನಿಂತು ವಾಕಿಟಾಕಿಯಲ್ಲಿ ಕರೆದರೆ ದಿಣ್ಣೆಯ ಮೇಲಿನ ಮನೆಗೆ ಕೇಳಿಸುತ್ತದೋ ಇಲ್ಲವೋ, ಅದೊಂದನ್ನು ತಿಳಿಯುವುದಕ್ಕೆ ಅವನು ಹೊರಟಿದ್ದ. ‘ಕೇಳಿಸಬಾರದು ಶಿವನೇ… ಕೇಳಿಸದೇ ಇರಲಿ’ ಅಂತ ಬೇಡಿಕೊಳ್ಳುತ್ತಾ ಇಳಿಯುತ್ತಿದ್ದ.

ಅಂಥ ಬೇಡಿಕೆ ಯಾಕೆ ಅಂತ ತಿಳಿಯಬೇಕಾದರೆ ಅವನ ಅಣ್ಣ ಮರುಳಪ್ಪನ ಸಂಗತಿ ಹೇಳಬೇಕು.

ಅಣ್ಣ ತಮ್ಮ ಇಬ್ಬರದೂ ಒಂದೇ ತೋಟದ ಮನೆ, ದಿಣ್ಣೆಯ ಮೇಲೆ. ಮರುಳಪ್ಪನಿಗೆ ಅರವತ್ತು ದಾಟಿತ್ತು. ಹೆಂಡತಿ ದ್ರಾಕ್ಷಾಯಣಮ್ಮ ಬೆಟ್ಟಸ್ವಾಮಿಯನ್ನು ಮಗನ ಹಾಗೆ ಕಂಡ ಅತ್ತಿಗೆ. ಮನೆಯ ಸುತ್ತ ಒಂದು ತೋಟ. ದಿಬ್ಬ ದಾಟಿ ತಗ್ಗಿಗಿಳಿದರೆ ಇನ್ನೊಂದು, ಅದೇ ಹಳ್ಳದ ತೋಟ. ನಮ್ಮಲ್ಲಿ ದೂರ ಹೇಳುವುದು ಕೂಗಳತೆಯಲ್ಲಿ. ಒಬ್ಬ ಕೂಗಿದರೆ ಇನ್ನೊಬ್ಬನಿಗೆ ಕೇಳುವಷ್ಟು ದೂರ. ಹಳ್ಳದ ತೋಟ ಕೂಗಳತೆಯ ಆಚೆಗಿತ್ತು. ಮೊಬೈಲಿಗೂ ಅಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಬರುತ್ತಿರಲಿಲ್ಲ. ತ್ರೀಫೇಸ್ ಕರೆಂಟು ಕೊಡುವುದು ರಾತ್ರಿ. ಚಿರತೆ ಓಡಾಡುವ ಜಾಗ ಬೇರೆ. ಹಾಗಾಗಿ ಮೋಟರು ಹಾಕಿ ನೀರು ತಿರುಗಿಸುವುದಕ್ಕೆ ಅಣ್ಣ ತಮ್ಮ ಇಬ್ಬರೂ ಜೊತೆಯಲ್ಲೇ ಇಳಿಯುತ್ತಿದ್ದರು. ಅವರಪ್ಪನ ಕಾಲದಿಂದ ಅದೇ ಕಟ್ಟು. ಹಳ್ಳಕ್ಕೆ ಒಬ್ಬನೇ ಹೋಗಬಾರದು.

ಬೆಟ್ಟಸ್ವಾಮಿಗೆ ನಿದ್ದೆ ಕೆಡುವುದು ಸಾಕಾಗಿತ್ತು. ಒಂದು ಸಲ ಕೊಬ್ಬರಿ ಹಾಕಿ ಬರಲು ತಿಪಟೂರಿಗೆ ಹೋದವನು ಒಂದು ಜೊತೆ ವಾಕಿಟಾಕಿ ಹಿಡಿದುಕೊಂಡು ಬಂದ.

ಅಂಗಡಿಯವನು ಮೂರು ಥರದ್ದು ತೋರಿಸಿದ್ದನಂತೆ. ಒಂದು ಮಕ್ಕಳಾಟದ್ದು. ಇನ್ನೊಂದು ಪೊಲೀಸರ ಸೊಂಟದಲ್ಲಿರುವಂಥ ದಪ್ಪದ್ದು, ಅದಕ್ಕೆ ಲೈಸೆನ್ಸ್ ಬೇಕು. ನಡುವಿನದಕ್ಕೆ ಲೈಸೆನ್ಸ್ ಬೇಡ, ಆದರೆ ಶಕ್ತಿ ಕಡಿಮೆ. ಅದರ ಡಬ್ಬಿಯ ಮೇಲೆ ಹತ್ತು ಕಿಲೋಮೀಟರ್ ಅಂತ ದೊಡ್ಡದಾಗಿ ಬರೆದಿತ್ತು. ಬೆಟ್ಟಸ್ವಾಮಿ ಅದಕ್ಕೇ ಕೈ ಹಾಕಿದ. ಅಂಗಡಿಯವನು ಒಳ್ಳೆಯವನು, ಮುಚ್ಚುಮರೆ ಮಾಡಲಿಲ್ಲ. “ಸ್ವಾಮಿ, ಈ ಗುಡ್ಡದ ತುದೀಲಿ ಒಬ್ರು, ಆ ಗುಡ್ಡದ ತುದೀಲಿ ಒಬ್ರು ನಿಂತ್ರೆ ಆ ಹತ್ತು. ತೋಟದಾಗೆ ಹಸಿ ಗರಿ, ದಿಬ್ಬ, ತಗಡು ಅಡ್ಡ ಬತ್ತವೆ. ಅರ್ಧ ಕಿಲೋಮೀಟ್ರು ಹೋದ್ರೆ ಪುಣ್ಯ. ಅದೂ ಒಂದೆಜ್ಜೆ ಆಚೆ ನಿಂತ್ರೆ ಕೇಳ್ತದೆ, ಈಚೆ ನಿಂತ್ರೆ ಇಲ್ಲ. ನಿಮ್ಮ ಜಾಗದಾಗೇ ನಿಂತು ನೋಡಿ, ಆಮೇಲೆ ನಂಬಿ” ಅಂದ.

ಬೆಟ್ಟಸ್ವಾಮಿ ಹೂಂಗುಟ್ಟಿದ. ಆ ಮಾತನ್ನು ಅಲ್ಲೇ ಗಲ್ಲಾದ ಮೇಲೆ ಬಿಟ್ಟು ಬಂದ.

ಊರಿಗೆ ಬಂದು ಪರೀಕ್ಷೆ ಮಾಡಿದ್ದು ಎಲ್ಲಿ ಗೊತ್ತೇ? ಕೆರೆ ಏರಿಯ ಮೇಲೆ. ಈ ತುದಿಯಲ್ಲಿ ಅಣ್ಣ, ಆ ತುದಿ ದಾಟಿ ಬಂಡೆಯ ಮೇಲೆ ತಮ್ಮ. ನಡುವೆ ನೀರು ಬಿಟ್ಟರೆ ಏನೂ ಇಲ್ಲ. ಮರುಳಪ್ಪ ಕೆಮ್ಮಿದರೆ ಆ ಕೆಮ್ಮೂ ಗಂಟೆ ಹೊಡೆದ ಹಾಗೆ ಕೇಳಿಸಿತು. ಜನ ಸೇರಿದರು. ಹಳ್ಳದಿಂದಲೂ ಹಿಂಗೇ ಕೇಳುತ್ತಾ ಅಂತ ಊರಿನ ಗಿಡ್ಡಯ್ಯ ಕೇಳಿದ್ದಕ್ಕೆ, ಹತ್ತು ಕಿಲೋಮೀಟರಿಗೆ ಬರುವುದಕ್ಕೆ ಹಳ್ಳ ಯಾವ ಲೆಕ್ಕ ಅಂತ ಬೆಟ್ಟಸ್ವಾಮಿ ಎಲ್ಲರೆದುರು ಹೇಳಿದ. ಅವತ್ತಿನಿಂದ ಅಣ್ಣ ತಮ್ಮ ಜೊತೆಯಲ್ಲಿ ಇಳಿಯುವುದು ನಿಂತಿತು. ಒಂದು ರಾತ್ರಿ ಇವನು, ಒಂದು ರಾತ್ರಿ ಅವರು.

ಸ್ವಲ್ಪ ದಿನದಲ್ಲೇ ಮರುಳಪ್ಪ ಅಂದರು, ಹಳ್ಳದಲ್ಲಿ ಇದು ಒಂದೊಂದು ಸಲ ಬರುತ್ತದೆ, ಒಂದೊಂದು ಸಲ ಬರೀ ಸೊಂಯ್ ಅನ್ನುತ್ತದೆ ಅಂತ. ಬೆಟ್ಟಸ್ವಾಮಿಗೆ ಅಂಗಡಿಯವನ ಮಾತು ನೆನಪಾಯಿತು. ಆಗಲಾದರೂ ಹೇಳಬಹುದಿತ್ತು. ಕೆರೆ ಏರಿಯ ಮೇಲೆ ಬೀಗಿದ್ದು ಅಡ್ಡ ಬಂತು. “ನಿಂಗೆ ಬಟನ್ ಒತ್ತಕ್ಕೆ ಬರಲ್ಲ ಕಣಣ್ಣ. ಒತ್ತಿಡ್ಕೊಂಡು ಮಾತಾಡು, ಬುಟ್ಟು ಕೇಳು” ಅಂತ ಅವರ ಮೇಲೇ ಹಾಕಿದ. ಮರುಳಪ್ಪ ಪಾಪ ಜಗುಲಿಯ ಮೇಲೆ ಕೂತು, ಒತ್ತಿ ಬಿಟ್ಟು ಒತ್ತಿ ಬಿಟ್ಟು, ಸಂಜೆಯೆಲ್ಲಾ ಕಲಿತರು.

ಇನ್ನೊಂದು ಮಾತಿದೆ. ರಾತ್ರಿ ಹೊತ್ತು ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಒಂದನೇ ಸಲಕ್ಕೆ ಓಗೊಡಬಾರದು. ಎರಡನೇ ಸಲಕ್ಕೂ ಓಗೊಡಬಾರದು. ಅದು ನಮ್ಮವರ ದನಿಯಲ್ಲೇ ಕರೆಯುತ್ತದೆ, ಆದರೆ ಮೂರು ಸಲ ಕರೆಯುವ ಶಕ್ತಿ ಅದಕ್ಕಿಲ್ಲ. ಮೂರನೇ ಕರೆ ಮನುಷ್ಯರದ್ದು. ಈ ಅಣ್ಣ ತಮ್ಮನಿಗೆ ಅವರವ್ವ ನಿಂಗಮ್ಮ ಹಾಲಿನ ಜೊತೆ ಕುಡಿಸಿದ ಬುದ್ಧಿ ಅದು. ವಾಕಿಟಾಕಿ ಬಂದ ಮೇಲೆ ಮರುಳಪ್ಪ ನಕ್ಕು ಕೇಳಿದ್ದರಂತೆ, “ಅಲ್ಲಾ ಕಣ್ಲಾ ಬೆಟ್ಟ, ಲೈಸೆನ್ಸ್ ಬ್ಯಾಡ ಅಂದ್ಮೇಲೆ ದೆವ್ವನೂ ಇದ್ರಾಗೆ ಮಾತಾಡ್ಬೋದಲ್ಲ?” ಇಬ್ಬರೂ ನಕ್ಕರು. ನಗುತ್ತಲೇ ಒಪ್ಪಂದವಾಯಿತು. ಇದರಲ್ಲೂ ಮೂರು ಸಲ ಕರೆಯಬೇಕು. ಮೂರಾದ ಮೇಲೆ ಓಗೊಡಬೇಕು.

ಮಾರ್ಗಶಿರದ ಕೊನೆ. ಅವತ್ತು ಮರುಳಪ್ಪನ ಸರದಿ. ಬೆಟ್ಟಸ್ವಾಮಿ ಜಗುಲಿಯ ಮೇಲೆ ಎರಡು ಕಂಬಳಿ ಹೊದ್ದು ಮಲಗಿದ್ದ. ತಲೆದಿಂಬಿನ ಪಕ್ಕ ವಾಕಿಟಾಕಿ. ಹೊತ್ತು ಎಷ್ಟೋ ತಿಳಿಯದು. ಕರ್‌ರ್… ಅಂತು. ಎಚ್ಚರವಾಯಿತು.

“ಬೆಟ್ಟಾ… ಒಸಿ ಬಾರ್ಲಾ…”

ಅಷ್ಟೇ. ಆಮೇಲೆ ಚಿಟ್ ಅಂತ ಬಟನು ಬಿಟ್ಟ ಸದ್ದು.

ಅಣ್ಣನ ದನಿಯೇ. ಆದರೆ ಉಸಿರು ಕಟ್ಟಿ ಮಾತಾಡಿದ ಹಾಗಿತ್ತು. ಬೆಟ್ಟಸ್ವಾಮಿ ಕಣ್ಣು ಬಿಟ್ಟುಕೊಂಡು ಕಾದ. ಎರಡನೆಯದು ಬರಲಿ… ಮೂರನೆಯದು ಬರಲಿ. ಗರಿಗೆ ಗರಿ ಉಜ್ಜುವ ಸದ್ದು. ಕೊಟ್ಟಿಗೆಯಲ್ಲಿ ಎಮ್ಮೆ ಒಮ್ಮೆ ಬುಸ್ ಅಂತು. ವಾಕಿಟಾಕಿ ಸುಮ್ಮನಿತ್ತು. ಕಂಬಳಿಯೊಳಗೆ ಬೆಚ್ಚಗಿತ್ತು…

ನಿದ್ದೆ ಹತ್ತಿಬಿಟ್ಟಿತು.

ಬೆಳಗಿನ ಜಾವ ದ್ರಾಕ್ಷಾಯಣಮ್ಮ ಎಬ್ಬಿಸಿ, ಯಾಕೋ ನಿಮ್ಮಣ್ಣ ಬರಲೇ ಇಲ್ಲವಲ್ಲ ಅಂದಾಗ ಓಡಿ ಹೋದ. ಮೋಟರ್ ಮನೆಯ ಮುಂದೆ, ಮೊದಲನೇ ಸಾಲಿನ ತೆಂಗಿನ ಮರಕ್ಕೆ ಒರಗಿ ಕೂತಿದ್ದರು. ಎದೆನೋವು. ಪಾತಿ ತುಂಬಿ ನೀರು ಹೊರಕ್ಕೆ ಹರಿದು ಅವರ ಪಂಚೆ ನೆನೆದಿತ್ತು. ವಾಕಿಟಾಕಿ ತೊಡೆಯ ಮೇಲಿತ್ತು. ಮೈ ತಣ್ಣಗಾಗಿ ಬಹಳ ಹೊತ್ತಾಗಿತ್ತು.

ಜನ ಸೇರಿದರು. ಮೊದಲು ಬಂದ ಪ್ರಶ್ನೆ ಅದೇ. ಕರೀಲಿಲ್ವೇ ಅವರು? ಕೇಳಿಸಲಿಲ್ವೇ ನಿನಗೆ?

ಬೆಟ್ಟಸ್ವಾಮಿ ಅತ್ತಿಗೆಯ ಮುಖ ನೋಡಿದ. ಬಾಯಿಂದ ಬಂತು. “ಹಳ್ಳದಿಂದ ಇದು ಮುಟ್ಟಲ್ಲ… ಅಂಗಡಿಯವ್ನೇ ಅಂದಿದ್ದ.”

ಯಾವ ಮಾತನ್ನು ಅಣ್ಣನಿಂದ ಮುಚ್ಚಿಟ್ಟಿದ್ದನೋ ಅದೇ ಮಾತು ಆಗ ಅವನನ್ನು ಕಾಪಾಡಿತು. ವೈರಿಂಗ್ ಕೆಲಸದ ರವಿಕಿರಣ್ ಒಂದು ಸೆಟ್ಟು ಹಿಡಿದು ಮೋಟರ್ ಮನೆಯೊಳಗೆ ನಿಂತು ಕರೆದ. ಇಲ್ಲಿ ಜಗುಲಿಯ ಮೇಲೆ ಹತ್ತಾರು ಜನ ಕಿವಿಗೊಟ್ಟು ಕೂತಿದ್ದರು. ಸೊಂಯ್ ಅನ್ನುವುದು ಬಿಟ್ಟು ಏನೂ ಬರಲಿಲ್ಲ. ನೋಡಿದಿರಾ, ಮುಟ್ಟುವುದೇ ಇಲ್ಲ, ಇವನದೇನು ತಪ್ಪು ಅಂದರು. ಅಳುತ್ತಿದ್ದ ದ್ರಾಕ್ಷಾಯಣಮ್ಮನೇ ಎದ್ದು ಬಂದು ಅವನ ತಲೆ ನೇವರಿಸಿ, “ನಿನ್ ತಪ್ಪಿಲ್ಲ ಬುಡಪ್ಪ, ನೀನು ಕೊರಗಬ್ಯಾಡ” ಅಂದರು.

ಆ ಕೈ ತಲೆಯ ಮೇಲಿದ್ದಷ್ಟು ಹೊತ್ತು ಅವನಿಗೆ ಬೆಂಕಿ ಇಟ್ಟ ಹಾಗಾಯಿತಂತೆ.

ಮರುಳಪ್ಪನನ್ನು ಹಳ್ಳದ ತೋಟದಲ್ಲೇ, ಅವರು ಕೂತಿದ್ದ ಮರದಿಂದ ಸ್ವಲ್ಪ ಆಚೆಗೆ, ವಿಭೂತಿ ಇಟ್ಟು ಸಮಾಧಿ ಮಾಡಿದರು. ಶಿವಗಣಾರಾಧನೆಯೂ ಆಯಿತು. ನೆಂಟರೆಲ್ಲ ಹೊರಟರು. ಬೆಟ್ಟಸ್ವಾಮಿಯ ಹೆಂಡತಿ ಸೌಮ್ಯ ತಂಗಿಯ ಬಾಣಂತನಕ್ಕೆ ಮಾಯಸಂದ್ರಕ್ಕೆ ಹೋದಳು. ಮನೆಯಲ್ಲಿ ಉಳಿದದ್ದು ಅತ್ತಿಗೆ, ಇವನು.

ಅತ್ತಿಗೆ ರೊಟ್ಟಿ ತಟ್ಟಿ ಬಡಿಸುವರು. ಇವನು ಅರ್ಧಕ್ಕೇ ಬಿಟ್ಟು ಏಳುವನು. ಒಂದು ಯೋಚನೆ ಮಾತ್ರ ಅವನನ್ನು ಹಿಡಿದು ನಿಲ್ಲಿಸಿತ್ತು. ಹಳ್ಳದಿಂದ ಮುಟ್ಟುವುದೇ ಇಲ್ಲ ಅನ್ನುವುದು ನಿಜವಾದರೆ, ಅವತ್ತು ತಾನು ಕೇಳಿದ್ದು ಅಣ್ಣನ ದನಿಯಲ್ಲ. ಅದು ಬೇರೆ ಏನೋ. ಒಂದೇ ಸಲ ಕರೆಯುವಂಥದ್ದು. ಹಾಗಾದರೆ ಓಗೊಡದೆ ಇದ್ದದ್ದೇ ಸರಿ. ಅವ್ವ ಹೇಳಿಕೊಟ್ಟಂತೆ ನಡೆದೆ. ಸುಳ್ಳೂ ಹೇಳಲಿಲ್ಲ… ಹೀಗೆ ಸಮಾಧಾನ ಮಾಡಿಕೊಳ್ಳುವನು. ಆದರೆ ರವಿಕಿರಣ್ ನಿಂತು ಕರೆದದ್ದು ತಗಡಿನ ಮಾಡಿನ ಕೆಳಗೆ. ಅಣ್ಣ ಕೂತಿದ್ದದ್ದು ಹೊರಗೆ, ಮರದ ಬುಡದಲ್ಲಿ. ಒಂದೆಜ್ಜೆ ಆಚೆ ನಿಂತ್ರೆ ಕೇಳ್ತದೆ, ಈಚೆ ನಿಂತ್ರೆ ಇಲ್ಲ…

ಕೊನೆಗೆ ತಡೆಯಲಾರದೆ ಅತ್ತಿಗೆಯ ಹತ್ತಿರ ಹೋದ. ಗೂಡಿನಲ್ಲಿ ಬಿದ್ದಿದ್ದ ಒಂದು ಸೆಟ್ಟನ್ನು ಆನ್ ಮಾಡಿ ಅವರ ಮುಂದೆ ಇಟ್ಟ. ಇನ್ನು ಹಳ್ಳಕ್ಕೆ ತಾನೊಬ್ಬನೇ ಇಳಿಯಬೇಕಲ್ಲ, ಇವತ್ತು ಅಲ್ಲಿಂದ ಒಮ್ಮೆ ಕರೆದು ನೋಡುತ್ತೇನೆ, ಕೇಳಿಸಿದರೆ ಓಗೊಡಿ ಅಂದ. ಮುಟ್ಟಲ್ಲ ಅಂತ ಎಲ್ಲರೂ ನೋಡಿ ಆಯಿತಲ್ಲಪ್ಪ ಅಂದರು ಅವರು. ಇವನು ನೆಲ ನೋಡುತ್ತಾ ನಿಂತ. ದ್ರಾಕ್ಷಾಯಣಮ್ಮ ಸೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಜಗುಲಿಯ ಮೇಲೆ ಕೂತರು.

ಹಾಗೆ ಹೊರಟವನು ಆಲದ ಮರ, ಬಾವಿ ದಾಟಿ ಕೆಳಗಿಳಿದ.

ಆ ರಾತ್ರಿ ಕರೆಂಟು ಇರಲಿಲ್ಲ. ಮೋಟರ್ ಮನೆ ಕತ್ತಲಲ್ಲಿತ್ತು. ತೋಟದೊಳಗೆ ಗಾಳಿಯೂ ಇಲ್ಲ. ಎಲ್ಲೋ ದೂರದಲ್ಲಿ ಒಂದು ಒಣಗರಿ ಕಳಚಿ, ಸರ್‌ರ್… ದೊಪ್ ಅಂತ ಬಿತ್ತು. ಸಮಾಧಿಯ ಕಡೆ ಅವನು ನೋಡಲಿಲ್ಲ. ನೋಡುವ ಮುಖವಿರಲಿಲ್ಲ. ಅಣ್ಣ ಒರಗಿದ್ದ ಮರಕ್ಕೇ ಬೆನ್ನು ಕೊಟ್ಟು ಕೂತ. ಅದೇ ಎತ್ತರ, ಅದೇ ಜಾಗ. ಟಾರ್ಚು ಆರಿಸಿದ. ಬಟನು ಒತ್ತಿದ.

“ಅತ್ತಿಗೆ… ಕೇಳುಸ್ತಾ?”

ಬಿಟ್ಟ. ಸೊಂಯ್…

“ಅತ್ತಿಗೆ… ನಾನು, ಬೆಟ್ಟಸ್ವಾಮಿ.”

ಸೊಂಯ್…

ಮೂರನೇ ಸಲ ಗಟ್ಟಿಯಾಗಿ ಕರೆದ. ಅವನ ದನಿ ದಿಬ್ಬಕ್ಕೆ ಹೊಡೆದು ಅವನ ಹತ್ತಿರಕ್ಕೇ ಬಂತು. ಸೆಟ್ಟಿನಲ್ಲಿ ಬರೀ ಸೊಂಯ್.

ಮುಟ್ಟುವುದಿಲ್ಲ!

ಅವನಿಗೆ ನಗು ಬಂತು. ನಿಜವಾಗಿ ನಕ್ಕ. ಎದೆಯ ಮೇಲಿದ್ದ ಚಪ್ಪಡಿ ಸರಿದಂತಾಗಿ, ಕತ್ತಲಲ್ಲಿ ಒಬ್ಬನೇ ಕೂತು ಹಲ್ಲು ಕಿರಿದ. ನಕ್ಕ ಸದ್ದು ತನ್ನ ಕಿವಿಗೇ ಬಿತ್ತು. ನಾಲ್ಕು ಮಾರು ದೂರದಲ್ಲಿ ಅಣ್ಣನ ಸಮಾಧಿ. ಅದರ ಮೇಲೆ ಅತ್ತಿಗೆ ಸಂಜೆ ಇಟ್ಟು ಹೋದ ಕಣಗಿಲೆ ಹೂವು… ಅಣ್ಣ ಸತ್ತ ಜಾಗದಲ್ಲಿ ಕೂತು, ನನ್ನ ಮೇಲೆ ತಪ್ಪು ಬರಲಿಲ್ಲ ಅಂತ ನಗುತ್ತಿದ್ದೇನೆ. ಭೂಮಿ ಬಾಯಿ ಬಿಟ್ಟರೆ ಇಳಿದುಹೋಗುವಷ್ಟು ನಾಚಿಕೆಯಾಯಿತು.

ಆಗ ಅವನು ಮತ್ತೆ ಬಟನು ಒತ್ತಿದ. ಯಾರಿಗೂ ಮುಟ್ಟುವುದಿಲ್ಲವೆಂದು ಗೊತ್ತಾದ ಮೇಲೆ ಒತ್ತಿದ. ಅದನ್ನೂ ಅವನೇ ಹೇಳಿಕೊಂಡದ್ದು.

“ಅತ್ತಿಗೆ… ಅವತ್ತು ನಂಗೆ ಕೇಳುಸ್ತು. ‘ಒಸಿ ಬಾರ್ಲಾ’ ಅಂದ ಅಣ್ಣ. ಕೇಳುಸ್ತು. ದೆವ್ವ ಅಂತ ಸುಮ್ನಾದೆ ಅಂತ ನಂಗೆ ನಾನೇ ಹೇಳ್ಕೊಂತಿದ್ದೆ… ದೆವ್ವ ಅಲ್ಲ ಅಂತ ಗೊತ್ತಿತ್ತು. ಚಳಿ ಇತ್ತು. ಕಂಬಳಿ ಬಿಟ್ಟು ಏಳಕ್ಕೆ ಮನಸ್ಸು ಬರಲಿಲ್ಲ… ಅಷ್ಟೇ ಅತ್ತಿಗೆ. ಬೇರೆ ಏನೂ ಅಲ್ಲ.”

ಹೆಬ್ಬೆರಳು ಎತ್ತಿದ.

ಸೊಂಯ್ ಅನ್ನುವುದು ನಿಂತುಹೋಯಿತು. ಆಮೇಲೆ ಒಂದು ಸದ್ದು. ಚಿಟ್.

ಆಚೆಯವರು ಮಾತಾಡಿ ಮುಗಿಸಿ ಬಟನು ಬಿಟ್ಟರೆ ಬರುತ್ತದಲ್ಲ, ಆ ಸದ್ದು. ಮಾತು ಮಾತ್ರ ಇಲ್ಲ.

ಅವನು ಅಲ್ಲಿ ನಿಲ್ಲಲಿಲ್ಲ. ಟಾರ್ಚು ಹಾಕುವುದಕ್ಕೂ ಕೈ ಬರಲಿಲ್ಲ. ‘ಓಂ ನಮಃ ಶಿವಾಯ’ ಅನ್ನುತ್ತಾ ದಿಬ್ಬ ಹತ್ತಿದ.

ಜಗುಲಿಯ ಮೇಲೆ ದ್ರಾಕ್ಷಾಯಣಮ್ಮ ಕೂತ ಹಾಗೇ ಕೂತಿದ್ದರು. ಸೆಟ್ಟು ಮಡಿಲಲ್ಲಿತ್ತು. ಇವನು ಮೆಟ್ಟಿಲ ಕೆಳಗೇ ನಿಂತ. ಏನಾದರೂ ಕೇಳಿಸಿತೇ ಅಂತ ಕೇಳಿದ. ಅವರು ಮಡಿಲಲ್ಲಿದ್ದ ಸೆಟ್ಟಿನ ಮೇಲೆ ಕೈಯಾಡಿಸಿದರು. ಆಮೇಲೆ ಮೆಲ್ಲಗೆ…

“ಕೇಳುಸ್ತು.”

“ಯಾವ್ದು ಅತ್ತಿಗೆ?”

“ಎಲ್ಲಾ ಕೇಳುಸ್ತು ಕಣಪ್ಪ. ನೀನು ನಕ್ಕಿದ್ದೂ ಕೇಳುಸ್ತು.”

ನಕ್ಕಾಗ ಅವನು ಬಟನು ಒತ್ತಿರಲಿಲ್ಲ. ಆದರೆ ಅದು ಆಗ ಅವನ ತಲೆಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಕುಸಿದ. ಅವರ ಕಾಲು ಹಿಡಿಯಲು ಕೈ ಚಾಚಿದ. ಮುಟ್ಟಲು ಧೈರ್ಯ ಬರಲಿಲ್ಲ. ಬೈಯಲಿ, ಕೆನ್ನೆಗೆ ಹೊಡೆಯಲಿ, ಮನೆ ಬಿಟ್ಟು ನಡಿ ಅನ್ನಲಿ ಅಂತ ಕಾದ. ಅವರು ಏನೂ ಮಾಡಲಿಲ್ಲ. ಸೆರಗಿನಿಂದ ಆ ಸೆಟ್ಟನ್ನು ಒರೆಸುತ್ತಿದ್ದರು, ಮಗುವಿನ ಮುಖ ಒರೆಸಿದ ಹಾಗೆ.

“ನೀನು ಹೇಳಿದ್ದು ಆದ್ಮೇಲೆ ಅವರು ಮಾತಾಡಿದ್ರು” ಅಂದರು.

ಯಾರು ಅಂತ ಇವನು ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ. “ಏನಂದ… ಅಣ್ಣ?”

ದ್ರಾಕ್ಷಾಯಣಮ್ಮ ಎದ್ದರು. ಬಾಗಿಲ ಹತ್ತಿರ ಹೋಗಿ ನಿಂತು, ತಿರುಗದೆ ಹೇಳಿದರು.

“ಅದು ನಂಗೆ ಹೇಳಿದ್ದು ಕಣಪ್ಪ. ನಿಂಗಲ್ಲ.”

ಇವತ್ತಿಗೂ ಅವರು ಆ ಮಾತು ಯಾರಿಗೂ ಬಿಟ್ಟುಕೊಟ್ಟಿಲ್ಲ. ಬೆಟ್ಟಸ್ವಾಮಿಗೆ ಊಟ ಬಡಿಸುತ್ತಾರೆ, ಹಬ್ಬಕ್ಕೆ ಹೋಳಿಗೆ ಹಾಕುತ್ತಾರೆ, ಜ್ವರ ಬಂದರೆ ಕಷಾಯ ಕಾಯಿಸಿ ಕೊಡುತ್ತಾರೆ. ಎಲ್ಲಾ ಮೊದಲಿನಂತೆ. ಅಣ್ಣ ಕ್ಷಮಿಸಿದನೋ ಇಲ್ಲವೋ ಅನ್ನುವುದು ಆ ಹೆಂಗಸಿನ ಹೊಟ್ಟೆಯಲ್ಲಿದೆ. ಇವನು ಎದುರಿಗೆ ಕೂತು ತಲೆ ತಗ್ಗಿಸಿ ಉಣ್ಣುತ್ತಾನೆ.

ದೆವ್ವ ಅಂತ ನಾನು ಹೇಳುವುದಿಲ್ಲ. ವಿಭೂತಿ ಇಟ್ಟು ಮಣ್ಣು ಕೊಟ್ಟ ಮೇಲೆ ಅವರು ಶಿವನ ಪಾದ ಸೇರಿದರು, ಅಂಥವರಿಗೆ ಅಲೆದಾಟವಿಲ್ಲ ಅಂತಲೇ ನಾವು ನಂಬಿದವರು. ಅದಕ್ಕೇ ಇದನ್ನು ಹೇಳುವಾಗ ನನಗೂ ಸಂಕಟ. ಗಾಳಿ ಬೀಸಿದ ಕಡೆ ಸದ್ದು ಹೋಗಿರಬಹುದು, ರಾತ್ರಿ ಹೊತ್ತು ವಾಕಿಟಾಕಿ ಹೆಚ್ಚು ದೂರ ಮುಟ್ಟಿರಬಹುದು ಅಂತ ನೀವು ಅನ್ನಬಹುದು. ನಾನೂ ಅಂದೆ.

ಆದರೆ ಮಾರನೆಯ ಬೆಳಗ್ಗೆ ಪೂಜೆ ಮುಗಿಸಿ ಬೆಟ್ಟಸ್ವಾಮಿ ಎರಡು ಸೆಟ್ಟನ್ನೂ ಕಟ್ಟಿ ಇಡೋಣವೆಂದು ಒಟ್ಟಿಗೆ ಹಿಡಿದು ನೋಡಿದನಂತೆ. ಅವುಗಳ ಮುಖದ ಮೇಲೆ ಸಣ್ಣದೊಂದು ಅಂಕಿ ಕಾಣಿಸುತ್ತದೆ. ಅದು ಚಾನೆಲ್ಲು. ಎರಡರಲ್ಲೂ ಒಂದೇ ಅಂಕಿ ಇರಬೇಕು. ಇಲ್ಲದಿದ್ದರೆ ದೂರದ ಮಾತು ಹಾಗಿರಲಿ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರೂ ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ. ಶಿವಗಣಾರಾಧನೆಯ ದಿನ ನೆಂಟರ ಮಕ್ಕಳು ಗೂಡಿನಿಂದ ತೆಗೆದು ಆಡಿದ್ದರು, ಆಮೇಲೆ ಯಾರೂ ಆ ಅಂಕಿ ಬದಲಾಯಿಸಿಲ್ಲ ಅಂತ ಅತ್ತಿಗೆ ಅಂದರು.

ನಂಬದಿದ್ದರೆ ಬಿಡಿ. ನಾನು ಕೊರಳಿನ ಲಿಂಗ ಮುಟ್ಟಿಕೊಂಡು ಹೇಳುತ್ತಿದ್ದೇನೆ. ಆ ಎರಡನ್ನೂ ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಬೆಟ್ಟಸ್ವಾಮಿ ಹಳ್ಳಕ್ಕೆ ಹಿಡಿದು ಹೋಗಿದ್ದದ್ದು ಮೂರರಲ್ಲಿತ್ತು. ಅತ್ತಿಗೆಯ ಮಡಿಲಲ್ಲಿದ್ದದ್ದು ಏಳರಲ್ಲಿತ್ತು.